ಬೇಸಿಗೆಯಲ್ಲಿ ಹಾಲಿನ ಆಡಿಗೆ ಅಮೈನೋ ಆಮ್ಲ: ಯಾವುದನ್ನು, ಎಷ್ಟು, ಹೇಗೆ ಕೊಡುವುದು

ಯುಗಾದಿ ಕಳೆದು ಎರಡು ವಾರವಾಗುವಷ್ಟರಲ್ಲಿ ರಾಯಚೂರು ಕಡೆಯ ಆಡುಗಳು ಹಾಲು ಇಳಿಸುತ್ತವೆ. ಬೆಳಿಗ್ಗೆ ಒಂದೂವರೆ ಲೀಟರ್ ಕೊಡುತ್ತಿದ್ದ ಆಡು ಒಂದು ಲೀಟರಿಗೆ ಬರುತ್ತದೆ. ಆಗ ಮನೆಯಲ್ಲಿ ಕೇಳಿಬರುವ ಸಲಹೆ ಒಂದು, ಅಂಗಡಿಯಲ್ಲಿ ಕೇಳಿಬರುವ ಸಲಹೆ ಇನ್ನೊಂದು. ಮನೆಯವರು "ಹಿಂಡಿ ಒಂದು ಹಿಡಿ ಹೆಚ್ಚಿಗೆ ಹಾಕು" ಎನ್ನುತ್ತಾರೆ. ಅಂಗಡಿಯವರು "ಅಮೈನೋ ಆಸಿಡ್ ಟಾನಿಕ್ ಒಯ್ಯಿರಿ, ನೀರಿನಲ್ಲಿ ಕಲಸಿ ಕುಡಿಸಿ" ಎನ್ನುತ್ತಾರೆ. ಒಂದು ಬೇಸಿಗೆಯಲ್ಲಿ ನಾನು ಎರಡನ್ನೂ ಮಾಡಿದೆ. ಆಡುಗಳು ಮೊದಲಿಗಿಂತ ಹೆಚ್ಚು ಏದುಸಿರು ಬಿಟ್ಟವು, ಕೊಟ್ಟಿಗೆಯಲ್ಲಿ ಮೂತ್ರದ ಅಮೋನಿಯಾ ಘಾಟು ಮೂಗಿಗೆ ಹೊಡೆಯಿತು, ಹಾಲು ಇದ್ದಲ್ಲೇ ಇತ್ತು. ಆ ಟಾನಿಕ್ ಕೋಳಿಗಳಿಗೆಂದು ತಯಾರಾದದ್ದು ಎಂಬುದು ಬಾಟಲಿಯನ್ನು ತಿರುಗಿಸಿ ಓದಿದ ಮೇಲೆ ಗೊತ್ತಾಯಿತು.

ಅಮೈನೋ ಆಮ್ಲ ಎಂದರೆ ಪ್ರೋಟೀನ್ ಕಟ್ಟುವ ಬಿಡಿ ಇಟ್ಟಿಗೆ. ಮೆಥಿಯೊನಿನ್, ಲೈಸಿನ್ ಅಂಥ ಎರಡು. ಕೋಳಿಗೆ ಒಂದೇ ಹೊಟ್ಟೆ. ಆಡಿಗೆ ನಾಲ್ಕು ಕೋಣೆಯ ಹೊಟ್ಟೆ. ಮೊದಲ ದೊಡ್ಡ ಕೋಣೆಯಾದ ರೂಮೆನ್‌ನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಊಟಕ್ಕೆ ಕಾದಿರುತ್ತವೆ. ನಾವು ಕುಡಿಸಿದ ಬಿಡಿ ಮೆಥಿಯೊನಿನ್, ಲೈಸಿನ್‌ಗಳನ್ನು ಆಡಿಗಿಂತ ಮೊದಲು ಅವು ಒಡೆದು ತಿನ್ನುತ್ತವೆ. ಒಡೆದಾಗ ಅಮೋನಿಯಾ ಉಳಿಯುತ್ತದೆ. ಅದು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಮೂತ್ರದಲ್ಲಿ ಹೊರಬೀಳಬೇಕು. ಆ ಕೆಲಸಕ್ಕೆ ಶಕ್ತಿ ಖರ್ಚಾಗುತ್ತದೆ, ಖರ್ಚಾದ ಶಕ್ತಿ ಶಾಖವಾಗುತ್ತದೆ. 41 ಡಿಗ್ರಿ ಬಿಸಿಲಿನಲ್ಲಿ ನಿಂತ ಆಡಿನ ಹೊಟ್ಟೆಯೊಳಗೆ ನಾವೇ ಇನ್ನೊಂದು ಒಲೆ ಹೊತ್ತಿಸಿದಂತೆ. ಅತಿಯಾಗಿ ಹಾಕಿದ ಹಿಂಡಿಯ ಕಥೆಯೂ ಇದೇ.

ಹಾಗಾಗಿ ಸೆಕೆಯ ದಿನಗಳಲ್ಲಿ ಪ್ರೋಟೀನಿನ ರಾಶಿ ಹೆಚ್ಚಿಸುವ ಬದಲು, ಕಡಿಮೆ ಪ್ರೋಟೀನಿನಲ್ಲೇ ಸರಿಯಾದ ಅಮೈನೋ ಆಮ್ಲಗಳು ಕರುಳಿಗೆ ತಲುಪುವಂತೆ ನೋಡಿಕೊಳ್ಳಬೇಕು. ಅದನ್ನು ಮಾಡುವ ಕ್ರಮ ಮುಂದಿದೆ. ಪೊಟ್ಟಣ ಕೊಳ್ಳುವ ಮಾತು ಐದನೆಯ ಹೆಜ್ಜೆಗೆ ಬರುತ್ತದೆ. ಮೊದಲ ನಾಲ್ಕನ್ನು ಹಾರಿಸಿ ಅಲ್ಲಿಗೆ ಹೋದರೆ ದುಡ್ಡು ದಂಡ.

ಹೆಜ್ಜೆ 1: ಯಾವ ಆಡಿಗೆ ಬೇಕು ಎಂದು ನೋಡಿ

ನಮ್ಮ ಉಸ್ಮಾನಾಬಾದಿ, ಬೀದ್ರಿ, ನಂದಿದುರ್ಗ ಆಡುಗಳು ಮರಿಗೆ ಸಾಕಾಗಿ ಮೇಲೆ ಅರ್ಧ ಲೀಟರ್ ಕೊಟ್ಟರೆ ದೊಡ್ಡದು. ಅವಕ್ಕೆ ಕೊಂಡು ತಂದ ಅಮೈನೋ ಆಮ್ಲ ಬೇಡ. ಸೊಪ್ಪು, ಹೊಟ್ಟು, ಒಂದಿಷ್ಟು ದಾಣಿ (ನುಚ್ಚು, ಬೂಸಾ, ಹಿಂಡಿಯ ಮಿಶ್ರಣ) ಸಾಕು. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಕರೆಯುವ ಜಮುನಾಪಾರಿ, ಬೀಟಲ್, ಸಾನೆನ್ ಮಿಶ್ರತಳಿ ಸಾಕಿದವರು, ಅದರಲ್ಲೂ ಮರಿ ಹಾಕಿ ಮೂರು ತಿಂಗಳೊಳಗಿನ ಆಡುಗಳಿರುವವರು ಮಾತ್ರ ಮುಂದೆ ಓದಿದರೆ ಸಾಕು. ಹಾಲು ಬತ್ತುವ ಹಂತಕ್ಕೆ ಬಂದ ಆಡಿಗೆ ಇದನ್ನು ಕೊಡುವುದು ಇಳಿಯುವ ಹೊಳೆಗೆ ಒಡ್ಡು ಕಟ್ಟಿದ ಹಾಗೆ.

ಇನ್ನು, ಆಡಿಗೆ ನಿಜಕ್ಕೂ ಸೆಕೆ ತಟ್ಟಿದೆಯೇ? ಮಧ್ಯಾಹ್ನ ಮೂರರ ಹೊತ್ತಿಗೆ ನೆರಳಿನಲ್ಲಿ ಮಲಗಿದ ಆಡಿನ ಪಕ್ಕೆಯನ್ನು ದೂರದಿಂದಲೇ ನೋಡಿ, ಅರ್ಧ ನಿಮಿಷ ಉಸಿರು ಎಣಿಸಿ, ಎರಡರಿಂದ ಗುಣಿಸಿ. ತಂಪಿನಲ್ಲಿ ನಿಮಿಷಕ್ಕೆ ಮೂವತ್ತರೊಳಗೆ ಇರುವುದು ಎಂಬತ್ತು ದಾಟಿದರೆ ಸೆಕೆ ಹತ್ತಿದೆ. ಬಾಯಿ ತೆರೆದು, ನಾಲಿಗೆ ಹೊರಹಾಕಿ ಏದುತ್ತಿದ್ದರೆ ವಿಪರೀತ. ಗುದದ್ವಾರದ ಉಷ್ಣತೆ 38.5ರಿಂದ 39.5 ಡಿಗ್ರಿ ಇರಬೇಕು. 40.5 ದಾಟಿದ ಆಡಿಗೆ ಪೂರಕ ಆಹಾರದ ಮಾತೇ ಬೇಡ. ಅದನ್ನು ನೆರಳಿಗೆ ಎಳೆದು, ಕಾಲು ಮತ್ತು ಹೊಟ್ಟೆಯ ಕೆಳಭಾಗಕ್ಕೆ ನೀರು ಹಾಕಿ, ಪಶುವೈದ್ಯರನ್ನು ಕರೆಯಿರಿ.

ಕರಾವಳಿಯವರು "ನಮ್ಮಲ್ಲಿ ಮೂವತ್ತಮೂರೇ ಡಿಗ್ರಿ" ಎಂದು ಸಮಾಧಾನಪಡುವುದುಂಟು. ಉಷ್ಣತೆ ಮತ್ತು ತೇವ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂಚ್ಯಂಕವೊಂದಿದೆ, ಅಂಕಿ ಏರಿದಷ್ಟೂ ಸೆಕೆ ಹೆಚ್ಚು. ಅದರ ಪ್ರಕಾರ ಮಂಗಳೂರಿನ 33 ಡಿಗ್ರಿ, ಶೇ. 80 ತೇವ ಸೇರಿದರೆ ಸುಮಾರು 88 ಬರುತ್ತದೆ. ರಾಯಚೂರಿನ 40 ಡಿಗ್ರಿ, ಶೇ. 20 ತೇವಕ್ಕೆ ಬರುವುದು 84. ಬೆವರು, ಉಸಿರಿನ ತೇವ ಆರದಿದ್ದರೆ ಆಡಿಗೆ ಶಾಖ ಹೊರಹಾಕುವ ದಾರಿಯೇ ಮುಚ್ಚುತ್ತದೆ. ಹಾಗೆಂದು ನಾವು ಬಯಲುಸೀಮೆಯವರು ಬೀಗುವಂತಿಲ್ಲ. ತಗಡಿನ ಮಾಡಿನಿಂದ ಕೆಳಗಿಳಿಯುವ ಝಳ ಆ ಲೆಕ್ಕದಲ್ಲಿ ಸೇರಿಲ್ಲ.

ಹೆಜ್ಜೆ 2: ನೀರು, ನೆರಳು, ಮೇವಿನ ಹೊತ್ತು

ಎರಡು ಲೀಟರ್ ಹಾಲು ಕೊಡುವ ಆಡು ಕಡು ಬೇಸಿಗೆಯಲ್ಲಿ ದಿನಕ್ಕೆ ಎಂಟು-ಹತ್ತು ಲೀಟರ್ ನೀರು ಕುಡಿಯುತ್ತದೆ. ಆದರೆ ಬಿಸಿಲಿನಲ್ಲಿಟ್ಟ ಪ್ಲಾಸ್ಟಿಕ್ ಬಕೆಟ್ಟಿನ ನೀರನ್ನು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಆಡು ಹಸುವಿನ ಹಾಗಲ್ಲ. ಪಾತ್ರೆಯ ತಳದಲ್ಲಿ ಒಂದು ಹಿಕ್ಕೆ ಬಿದ್ದಿದ್ದರೂ ಬಾಯಿ ಹಾಕುವುದಿಲ್ಲ. ಸಿಮೆಂಟಿನ ಬಾನಿ ಅಥವಾ ದೊಡ್ಡ ಮಣ್ಣಿನ ಹರವಿಯನ್ನು ನೆರಳಿನಲ್ಲಿ ಹೂತಿಟ್ಟು ದಿನಕ್ಕೆ ಮೂರು ಸಲ ನೀರು ಬದಲಿಸಿ. ನನ್ನ ಅನುಭವದಲ್ಲಿ ಹಾಲು ಹಿಂದಿರುಗಿಸುವುದರಲ್ಲಿ ಯಾವ ಪೊಟ್ಟಣವೂ ಇದಕ್ಕೆ ಸಮನಾಗಿಲ್ಲ.

ತಗಡಿನ ಮೇಲೆ ಸುಣ್ಣ ಬಳಿಯಿರಿ, ಅದರ ಮೇಲೆ ಜೋಳದ ದಂಟನ್ನೋ ತೆಂಗಿನ ಗರಿಯನ್ನೋ ಹರಡಿ.

ಹೊತ್ತಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ತಿಂದ ಮೇವು ರೂಮೆನ್‌ನಲ್ಲಿ ಹುದುಗುವಾಗ ಶಾಖ ಏಳುತ್ತದೆ. ತಿಂದ ಮೂರು-ನಾಲ್ಕು ಗಂಟೆಗೆ ಅದು ಜೋರಾಗಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ದಾಣಿ ಹಾಕಿದರೆ ಒಳಗಿನ ಬೆಂಕಿಯೂ ಹೊರಗಿನ ಬಿಸಿಲೂ ಮಧ್ಯಾಹ್ನ ಒಂದು-ಎರಡರ ಹೊತ್ತಿಗೆ ಒಂದಾಗುತ್ತವೆ. ಅದಕ್ಕೆ ದಾಣಿಯ ಒಂದು ಪಾಲನ್ನು ಬೆಳಿಗ್ಗೆ ಆರರೊಳಗೆ, ದೊಡ್ಡ ಪಾಲನ್ನು ಸಂಜೆ ಏಳರ ನಂತರ ಕೊಡಿ. ಒಣಮೇವನ್ನು ರಾತ್ರಿ ಮಲಗುವ ಮುಂಚೆ ತುಂಬಿಸಿ. ಮಧ್ಯಾಹ್ನ ಹಸಿ ಸೊಪ್ಪು ಮಾತ್ರ. ಮೈ ಕಾಯಿಸುವ ಮೇವನ್ನು ತಂಪು ಹೊತ್ತಿಗೆ ಸರಿಸಿದರೆ ಆಡು ಬಿಟ್ಟ ಮೇವಿನಲ್ಲಿ ಒಂದಷ್ಟನ್ನು ತಾನಾಗಿ ತಿನ್ನುತ್ತದೆ. ತಿಂದ ಆ ಮೇವಿನಿಂದ ಬರುವ ಅಮೈನೋ ಆಮ್ಲಕ್ಕೆ ಬೇರೆ ದುಡ್ಡಿಲ್ಲ.

ಕರುಳಿಗೆ ತಲುಪುವ ಅಮೈನೋ ಆಮ್ಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರೂಮೆನ್‌ನ ಸೂಕ್ಷ್ಮಜೀವಿಗಳ ಮೈಯಿಂದಲೇ ಬರುತ್ತದೆ ಎಂಬುದನ್ನು ಇಲ್ಲಿ ನೆನಪಿಡಿ. ಅವು ಬದುಕಿ ಬೆಳೆದು ಮುಂದಿನ ಹೊಟ್ಟೆಗೆ ಜಾರಿದಾಗ ಅವೇ ಆಡಿಗೆ ಉತ್ತಮ ಪ್ರೋಟೀನ್. ಅವಕ್ಕೆ ಬೇಕಾದದ್ದು ಹುದುಗುವ ಹಿಟ್ಟು-ಸಕ್ಕರೆ, ಸ್ವಲ್ಪ ಸಾರಜನಕ, ಗಂಧಕ. ಏದುಸಿರು ಬಿಡುವ ಆಡಿನ ಜೊಲ್ಲಿನಲ್ಲಿ ಹುಳಿ ತಗ್ಗಿಸುವ ಬೈಕಾರ್ಬೊನೇಟ್ ಕಡಿಮೆಯಾಗಿ ರೂಮೆನ್ ಹುಳಿಯಾಗುತ್ತದೆ, ಸೂಕ್ಷ್ಮಜೀವಿಗಳು ಸೊರಗುತ್ತವೆ. ಒಂದು ಕೆಜಿ ದಾಣಿಗೆ 10 ಗ್ರಾಂ ಅಡುಗೆ ಸೋಡಾ ಹಾಕುವುದು ಅದಕ್ಕೆ.

ಹೆಜ್ಜೆ 3: ಕೊರತೆ ಎಷ್ಟು ಎಂದು ಲೆಕ್ಕ ಹಾಕಿ

40 ಕೆಜಿ ತೂಕದ, ಎರಡು ಲೀಟರ್ ಕೊಡುವ ಆಡನ್ನು ತೆಗೆದುಕೊಳ್ಳೋಣ. ಮೈ ಕಾಯ್ದುಕೊಳ್ಳಲು ಅದಕ್ಕೆ ದಿನಕ್ಕೆ ಸುಮಾರು 65 ಗ್ರಾಂ ಪ್ರೋಟೀನ್ ಬೇಕು. ಹಾಲಿಗೆ ಲೀಟರಿಗೆ 70 ಗ್ರಾಂನಂತೆ 140 ಗ್ರಾಂ. ಒಟ್ಟು 205. ಮಾಘದ ಚಳಿಯಲ್ಲಿ ಅದು 1.6 ಕೆಜಿ ಒಣಅಂಶ (ಮೇವಿನಲ್ಲಿ ನೀರು ಕಳೆದು ಉಳಿಯುವುದು) ತಿನ್ನುತ್ತದೆ, ಆಗ ಮೇವಿನಲ್ಲಿ ಶೇ. 13 ಪ್ರೋಟೀನ್ ಇದ್ದರೆ ಸಾಕು. ವೈಶಾಖದಲ್ಲಿ 1.25 ಕೆಜಿಗೆ ಇಳಿದರೆ ಅದೇ 205 ಗ್ರಾಂ ಸಿಗಲು ಶೇ. 16ರಷ್ಟು ಬೇಕಾಗುತ್ತದೆ. ಹಿಂಡಿ ಹೆಚ್ಚಿಸಬೇಕೆಂಬ ಆಸೆ ಹುಟ್ಟುವುದು ಇಲ್ಲೇ. ಲೆಕ್ಕವೇನೋ ಸರಿ, ಆದರೆ ಹಿಂಡಿಯ ಹೆಚ್ಚಿನ ಪಾಲು ರೂಮೆನ್‌ನಲ್ಲೇ ಅಮೋನಿಯಾ ಆಗಿ ಕಳೆಯುತ್ತದೆ.

ಈಗ ಅದೇ ಲೆಕ್ಕವನ್ನು ಹಾಲಿನ ಕಡೆಯಿಂದ ನೋಡಿ. ಎರಡು ಲೀಟರ್ ಹಾಲಿನಲ್ಲಿ ಶೇ. 3.5ರ ಲೆಕ್ಕದಲ್ಲಿ 70 ಗ್ರಾಂ ಪ್ರೋಟೀನ್ ಹೊರಹೋಗುತ್ತದೆ. ಅದರಲ್ಲಿ ಲೈಸಿನ್ ಐದೂವರೆ ಗ್ರಾಂ ಆಸುಪಾಸು, ಮೆಥಿಯೊನಿನ್ ಎರಡು ಗ್ರಾಂಗಿಂತ ತುಸು ಕಡಿಮೆ. ಹಾಲಿನ ಪ್ರೋಟೀನ್ ಕಟ್ಟುವಾಗ ಸಾಮಾನ್ಯವಾಗಿ ಮೊದಲು ಸಾಲದೆ ಬರುವುದು ಇವೆರಡು. ಬೇರೆಲ್ಲ ಇದ್ದು ಮೆಥಿಯೊನಿನ್ ಇಲ್ಲದಿದ್ದರೆ ಇಟ್ಟಿಗೆ ರಾಶಿ ಬಿದ್ದಿದ್ದು ಸಿಮೆಂಟ್ ಮುಗಿದ ಹಾಗೆ, ಗೋಡೆ ಏಳುವುದಿಲ್ಲ. ಸೆಕೆಯಲ್ಲಿ ಇನ್ನೊಂದು ಸೋರಿಕೆ ಉಂಟು: ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿದು ಕರುಳಿಗೆ ಕಡಿಮೆಯಾಗುತ್ತದೆ, ಅಮೈನೋ ಆಮ್ಲದ ಒಂದು ಪಾಲು ಕರುಳಿನ ಗೋಡೆಯ ರಿಪೇರಿಗೆ, ಗ್ಲೂಕೋಸ್ ತಯಾರಿಗೆ ಖರ್ಚಾಗುತ್ತದೆ. ಕೆಚ್ಚಲಿಗೆ ಉಳಿದದ್ದು. ಬಾರ್ಸಿಲೋನಾದಲ್ಲಿ ಮುರ್ಸಿಯಾನೊ-ಗ್ರನಡಿನಾ ತಳಿಯ ಹಾಲಿನ ಆಡುಗಳನ್ನು ಹಗಲು 37, ರಾತ್ರಿ 30 ಡಿಗ್ರಿಯಲ್ಲಿ ಇಟ್ಟು ನೋಡಿದವರು ಕಂಡದ್ದೂ ಹೀಗೆಯೇ. ಆಡುಗಳು ಮೇವು ಕಡಿಮೆ ತಿಂದವು, ಹಾಲಿನೊಳಗಿನ ಪ್ರೋಟೀನ್ ಇಳಿಯಿತು. ನಮ್ಮ ಕಣ್ಣು ಲೀಟರಿನ ಮೇಲಿರುತ್ತದೆ, ಗಟ್ಟಿತನ ಹೋದದ್ದು ಗಮನಕ್ಕೆ ಬರುವುದು ಪನೀರ್ ಮಾಡುವವರಿಗೆ ಮಾತ್ರ.

ಒಟ್ಟಿನಲ್ಲಿ ನಾವು ತುಂಬಬೇಕಾದ ಹಳ್ಳ ಗ್ರಾಂಗಳ ಲೆಕ್ಕದ್ದು. ಈ ಅಂಕಿ ತಲೆಯಲ್ಲಿದ್ದರೆ ಯಾರೂ ನಿಮಗೆ ದಿನಕ್ಕೆ ಇಪ್ಪತ್ತು ಗ್ರಾಂ ಪುಡಿ ಮಾರಲಾರರು.

ಹೆಜ್ಜೆ 4: ಮೊದಲು ದಾಣಿಯಲ್ಲೇ ಅಮೈನೋ ಆಮ್ಲ ಸರಿಪಡಿಸಿ

ಹಿಂಡಿಗಳೆಲ್ಲ ಒಂದೇ ಅಲ್ಲ. ಶೇಂಗಾ ಹಿಂಡಿ ನಮಗೆ ಸುಲಭವಾಗಿ ಸಿಗುತ್ತದೆ, ಆಡು ಬಾಯಿ ಚಪ್ಪರಿಸಿ ತಿನ್ನುತ್ತದೆ. ಆದರೆ ಅದರಲ್ಲಿ ಲೈಸಿನ್, ಮೆಥಿಯೊನಿನ್ ಎರಡೂ ಕಡಿಮೆ, ರೂಮೆನ್‌ನಲ್ಲಿ ಬಹುಬೇಗ ಕರಗುತ್ತದೆ. ಸೋಯಾ ಹಿಂಡಿಯಲ್ಲಿ ಲೈಸಿನ್ ಧಾರಾಳ, ಮೆಥಿಯೊನಿನ್ ಕಡಿಮೆ. ಸೂರ್ಯಕಾಂತಿ, ಎಳ್ಳಿನ ಹಿಂಡಿಗಳು ತದ್ವಿರುದ್ಧ: ಮೆಥಿಯೊನಿನ್ ಚೆನ್ನಾಗಿದೆ, ಲೈಸಿನ್ ಸಾಲದು. ಸೋಯಾದ ಜೊತೆ ಇವೆರಡರಲ್ಲಿ ಒಂದನ್ನು ಸೇರಿಸಿದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ಮುಚ್ಚುತ್ತಾರೆ. ಹತ್ತಿಕಾಳಿನ ಹಿಂಡಿ ರೂಮೆನ್‌ನಲ್ಲಿ ಶೇಂಗಾದಷ್ಟು ಬೇಗ ಒಡೆಯದೆ ಮುಂದಕ್ಕೆ ದಾಟುತ್ತದೆ. ಮರಿಗಳಿಗೆ ಮಾತ್ರ ಅದನ್ನು ಹಾಕಬೇಡಿ, ಅದರ ಗಾಸಿಪಾಲ್ ಅವಕ್ಕೆ ವಿಷ.

ನೂರು ಕೆಜಿ ಬೇಸಿಗೆ ದಾಣಿಗೆ ನಾನು ಬಳಸುವ ಅಳತೆ: ಮೆಕ್ಕೆಜೋಳದ ನುಚ್ಚು 34 ಕೆಜಿ, ಗೋಧಿ ಬೂಸಾ 20, ಸೋಯಾ ಹಿಂಡಿ 18, ಹತ್ತಿಕಾಳಿನ ಹಿಂಡಿ 12, ಸೂರ್ಯಕಾಂತಿ ಹಿಂಡಿ 12, ಖನಿಜ ಮಿಶ್ರಣ 2, ಉಪ್ಪು 1, ಅಡುಗೆ ಸೋಡಾ 1. ಪ್ರೋಟೀನ್ ಶೇ. 20ರ ಹತ್ತಿರ ಬರುತ್ತದೆ. ಎರಡು ಲೀಟರಿನ ಆಡಿಗೆ ದಿನಕ್ಕೆ 600-700 ಗ್ರಾಂ, ಎರಡು ಹೊತ್ತಾಗಿ ಹಂಚಿ. ಸೋಯಾವನ್ನು ಇಡಿ ಕಾಳಾಗಿ ತಂದವರು ಕಬ್ಬಿಣದ ಬಾಣಲೆಯಲ್ಲಿ ಹುರಿದು ಒಡೆಯಿರಿ. ಹದವಾಗಿ ಹುರಿದ ಕಾಳಿನ ಪ್ರೋಟೀನ್ ರೂಮೆನ್‌ನಲ್ಲಿ ನಿಧಾನವಾಗಿ ಕರಗಿ ಹೆಚ್ಚು ಪಾಲು ಕರುಳಿಗೆ ಹೋಗುತ್ತದೆ. ಹದ ಎಂದರೆ ಹುರಿಗಡಲೆಯ ಘಮ ಬಂದು ಸಿಪ್ಪೆ ಬಿರುಕು ಬಿಡುವವರೆಗೆ. ಕಪ್ಪಾದರೆ ಲೈಸಿನ್ ಸುಟ್ಟು ಹಾಳಾಯಿತೆಂದೇ ಅರ್ಥ, ಅದನ್ನು ಆಡು ಜೀರ್ಣಿಸಿಕೊಳ್ಳಲಾರದು.

ಯೂರಿಯಾ ಬೆರೆಸಿದ ದಾಣಿಯನ್ನು ಬೇಸಿಗೆಯಲ್ಲಿ ಆಡಿಗೆ ಹಾಕದಿರುವುದು ಲೇಸು. ಮೇವು ಬಿಟ್ಟು ಹಸಿದಿದ್ದ ಆಡು ಸಂಜೆ ಒಮ್ಮೆಲೇ ದಾಣಿಗೆ ಬಿದ್ದರೆ ಅಮೋನಿಯಾ ತಲೆಗೇರಿ ಸಾಯಲೂಬಹುದು. ಬೂಷ್ಟು ಹಿಡಿದ ಹಿಂಡಿಯೂ ಬೇಡ. ಶೇಂಗಾ, ಹತ್ತಿಕಾಳು, ಮೆಕ್ಕೆಜೋಳದ ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಹಾಲಿಗೇ ಇಳಿಯುತ್ತದೆ, ಆ ಹಾಲು ಕುಡಿಯುವುದು ನಮ್ಮ ಮನೆಯ ಮಕ್ಕಳು.

ಸೊಪ್ಪಿನ ಕಡೆ ಬನ್ನಿ. ಕುದುರೆಮಸಾಲೆ, ಅಲಸಂದೆ, ನುಗ್ಗೆ, ಹಿಪ್ಪುನೇರಳೆ, ಅಗಸೆ ಮರದ ಸೊಪ್ಪು ಯಾವುದಿದ್ದರೂ ಒಳ್ಳೆಯದು. (ನಮ್ಮ ಕಡೆ ಅಗಸೆ ಎಂದರೆ ಚಟ್ನಿಪುಡಿಯ ಕಾಳು ನೆನಪಾಗುತ್ತದೆ. ನಾನು ಹೇಳುತ್ತಿರುವುದು ವೀಳ್ಯದೆಲೆ ತೋಟದಲ್ಲಿ ಬಳ್ಳಿ ಹಬ್ಬಿಸಲು ಬೆಳೆಸುವ ಮರ, ಚೊಗಚೆ ಎನ್ನುವವರೂ ಇದ್ದಾರೆ.) ಸುಬಾಬುಲ್ ಇದ್ದರೆ ಹಸಿ ಮೇವಿನ ಮೂರನೆಯ ಒಂದು ಪಾಲು ಮೀರದಿರಲಿ, ಅದರಲ್ಲಿ ಮೈಮೊಸಿನ್ ಎಂಬ ವಿಷ ಇದೆ. ಕಲಬುರಗಿ ಕಡೆಯವರಿಗೆ ತೊಗರಿ ಹೊಟ್ಟು, ಚಿತ್ರದುರ್ಗದವರಿಗೆ ಶೇಂಗಾ ಬಳ್ಳಿ ಒಣಮೇವಿಗೆ ಸಾಕು. ಕುರಿಗಾಹಿಗಳು ಬೇಸಿಗೆಯಲ್ಲಿ ದೋಟಿಯಿಂದ ಉದುರಿಸುವ ಕರಿಜಾಲಿ ಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಇದೆ. ಮಿತವಾಗಿದ್ದರೆ ಅದು ರೂಮೆನ್‌ನಲ್ಲಿ ಪ್ರೋಟೀನನ್ನು ಹಿಡಿದಿಟ್ಟು, ಹುಳಿ ಹೆಚ್ಚಿರುವ ನಾಲ್ಕನೆಯ ಹೊಟ್ಟೆಯಲ್ಲಿ ಬಿಟ್ಟುಕೊಡುತ್ತದೆ. ಕಾರ್ಖಾನೆಯವರು ಲೇಪನ ಹಾಕಿ ಮಾಡುವುದನ್ನೇ ಒಂದು ಮರ ಪುಕ್ಕಟೆಯಾಗಿ ಮಾಡುತ್ತದೆ. ಆಡಿಗೆ ದಿನಕ್ಕೆ 100-150 ಗ್ರಾಂ ಕಾಯಿ ಸಾಕು, ಅತಿಯಾದರೆ ಹೊಟ್ಟೆ ಕಟ್ಟುತ್ತದೆ.

ಒಂದು ಎಚ್ಚರಿಕೆ. ಕೊಯ್ದ ಜೋಳದ ಕೂಳೆಯಿಂದ ಬೇಸಿಗೆಯಲ್ಲಿ ಏಳುವ ಎಳೆ ಚಿಗುರಿಗೆ ಆಡುಗಳನ್ನು ಬಿಡಬೇಡಿ. ಅದರ ಸಯನೈಡ್ ಹೆಚ್ಚಾದರೆ ಆಡು ಹೊಲದಲ್ಲೇ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಡಿಮೆ ಪ್ರಮಾಣದಲ್ಲಿ ಹೊಟ್ಟೆ ಸೇರಿದರೂ ಅದರ ವಿಷ ಇಳಿಸಲು ಮೈ ಗಂಧಕವನ್ನು ಖರ್ಚು ಮಾಡುತ್ತದೆ, ಆ ಗಂಧಕದ ಮೂಲ ಮೆಥಿಯೊನಿನ್ ಮತ್ತು ಅದರ ಸೋದರ ಸಿಸ್ಟೀನ್. ಇತ್ತ ಪೊಟ್ಟಣದಿಂದ ಹಾಕಿ ಅತ್ತ ಕೂಳೆಗೆ ಸುರಿದಂತೆ.

ಹೆಜ್ಜೆ 5: ಪೊಟ್ಟಣ ಕೊಳ್ಳುವಾಗ

ಇಷ್ಟೆಲ್ಲ ಮಾಡಿ ಹತ್ತು-ಹದಿನೈದು ದಿನವಾದರೂ ಒಳ್ಳೆಯ ಆಡುಗಳು ಹಾಲಿನಲ್ಲಿ ಹಿಂದುಳಿದಿದ್ದರೆ ಆಗ ಅಮೈನೋ ಆಮ್ಲದ ಪೂರಕ ತನ್ನಿ. ಕೇಳಬೇಕಾದ ಮಾತು "ಬೈಪಾಸ್ ಮೆಥಿಯೊನಿನ್", ಅಂದರೆ ರೂಮೆನ್‌ನಲ್ಲಿ ಕರಗದಂತೆ ಲೇಪನ ಹಾಕಿದ್ದು. ಲೈಸಿನ್ನಿನಲ್ಲೂ ಇಂಥದ್ದೇ ಸಿಗುತ್ತದೆ. ಆದರೆ ದಾಣಿಯಲ್ಲಿ ಸೋಯಾ ಇದ್ದರೆ ಲೈಸಿನ್ ಬಹುಮಟ್ಟಿಗೆ ದಕ್ಕಿರುತ್ತದೆ, ಮೆಥಿಯೊನಿನ್ ಒಂದೇ ಸಾಕು. ಸೋಯಾ ಸಿಗದೆ ಶೇಂಗಾ ಹಿಂಡಿ, ಮೆಕ್ಕೆಜೋಳದ ಮೇಲೆಯೇ ನಡೆಸುವವರು ಎರಡನ್ನೂ ಕೊಡಬೇಕಾಗಬಹುದು.

ಪೊಟ್ಟಣದ ಮೇಲೆ ಎರಡು ಅಂಕಿ ಹುಡುಕಿ: ನೂರು ಗ್ರಾಂನಲ್ಲಿ ಮೆಥಿಯೊನಿನ್ ಎಷ್ಟು, ಅದರಲ್ಲಿ ರೂಮೆನ್ ದಾಟಿ ಹೋಗುವುದು ಎಷ್ಟು. ಎರಡನೆಯ ಅಂಕಿ ಇಲ್ಲದ ಪೊಟ್ಟಣವನ್ನು ಹಿಂದಿರುಗಿಸಿ. "ಅಮೈನೋ ಆಮ್ಲ, ಜೀವಸತ್ವ, ಯಕೃತ್ ಸಾರ" ಎಂದು ಹದಿನೆಂಟು ಹೆಸರು ಬರೆದು ಒಂದರ ಪ್ರಮಾಣವನ್ನೂ ಕೊಡದ ಬಣ್ಣದ ಬಾಟಲಿಗಳನ್ನು ನಾನು ಕೈಯಲ್ಲೂ ಹಿಡಿಯುವುದಿಲ್ಲ. ಮನೆಯಲ್ಲಿ ಒಂದು ಒರಟು ಪರೀಕ್ಷೆ ಮಾಡಬಹುದು. ಗಾಜಿನ ಲೋಟದ ತಣ್ಣೀರಿಗೆ ಒಂದು ಚಿಟಿಕೆ ಹಾಕಿ ಎರಡು ಗಂಟೆ ಬಿಡಿ, ನಡುವೆ ಒಂದೆರಡು ಸಲ ಕದಡಿ. ಲೇಪನವಿರುವ ಹರಳು ಹರಳಾಗಿಯೇ ಇರುತ್ತದೆ. ಮಾಯವಾಗಿ ನೀರಿಗೆ ಬೆಂದ ಎಲೆಕೋಸಿನ ವಾಸನೆ ಬಂದರೆ ಅದು ಬಿಡಿ ಮೆಥಿಯೊನಿನ್, ಕೋಳಿ ಸಾಕುವವರಿಗೆ ಕೊಟ್ಟುಬಿಡಿ.

ಅಳತೆ ಹೀಗೆ. ಹೆಚ್ಚಿನ ಪೊಟ್ಟಣಗಳಲ್ಲಿ ಹಸುವಿನ ಅಳತೆ ಬರೆದಿರುತ್ತದೆ, ಅದನ್ನು ಆಡಿಗೆ ಹಾಕಲೇಬೇಡಿ. ಶೇ. 60 ಮೆಥಿಯೊನಿನ್ ಇದ್ದು ಅದರಲ್ಲಿ ಮುಕ್ಕಾಲು ಪಾಲು ದಾಟುವ ಪುಡಿಯಾದರೆ, 3 ಗ್ರಾಂ ಪುಡಿಯಿಂದ 1.8 ಗ್ರಾಂ ಮೆಥಿಯೊನಿನ್ ಹೊಟ್ಟೆಗೆ ಹೋಗಿ ಸುಮಾರು 1.35 ಗ್ರಾಂ ಕರುಳಿಗೆ ತಲುಪುತ್ತದೆ. ಎರಡು ಲೀಟರಿನ ಆಡಿನ ಹಾಲಿನಲ್ಲಿ ದಿನವಿಡೀ ಹೊರಹೋಗುವುದೇ ಎರಡು ಗ್ರಾಂ ಹತ್ತಿರ, ನಾವು ತುಂಬುವುದು ಅದರ ಕೊರತೆಯನ್ನು ಮಾತ್ರ. ಹಾಗಾಗಿ 3 ಗ್ರಾಂ ಧಾರಾಳ, ಒಂದೂವರೆ ಲೀಟರಿನ ಆಡಿಗೆ 2 ಗ್ರಾಂ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಹಾಲು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅತಿಯಾದಾಗ ತೊಂದರೆ ಕೊಡುವ ಅಮೈನೋ ಆಮ್ಲಗಳಲ್ಲಿ ಮೆಥಿಯೊನಿನ್‌ಗೆ ಮೊದಲ ಸ್ಥಾನ, ಆಡು ಮೇವನ್ನೇ ಬಿಟ್ಟುಬಿಡುತ್ತದೆ.

ದುಡ್ಡಿನ ಲೆಕ್ಕವನ್ನು ಪೊಟ್ಟಣ ಬಿಚ್ಚುವ ಮೊದಲೇ ಮಾಡಿಕೊಳ್ಳಿ. ಉದಾಹರಣೆಗೆ ಪುಡಿ ಕೆಜಿಗೆ 800 ರೂಪಾಯಿ ಎಂದಾದರೆ 3 ಗ್ರಾಂಗೆ 2 ರೂಪಾಯಿ 40 ಪೈಸೆ. ಹಾಲು ಲೀಟರಿಗೆ 60 ರೂಪಾಯಿಗೆ ಹೋಗುವುದಾದರೆ ದಿನಕ್ಕೆ 40 ಮಿಲಿ ಹೆಚ್ಚು ಬಂದರೆ ಅಸಲು ಸಿಕ್ಕಿತು. ನಿಮ್ಮೂರಿನ ದರ ಹಾಕಿ ನೋಡಿ.

ಹೆಜ್ಜೆ 6: ಬೆರೆಸಿ ತಿನ್ನಿಸುವುದು

ಒಳ್ಳೆಯ ಪುಡಿಯನ್ನು ತಂದು ಹಾಳುಮಾಡುವುದು ಇಲ್ಲೇ. ನಮ್ಮಲ್ಲಿ ದಾಣಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿಸಿನೀರು ಹಾಕಿ ಕಲಸುವ ರೂಢಿಯಿದೆ. ಆ ಬಿಸಿಗೆ ಲೇಪನ ಕರಗುತ್ತದೆ. ಗಿರಣಿಗೆ ಹಾಕಿ ದಾಣಿಯ ಜೊತೆ ಬೀಸಿದರೂ ಒಡೆಯುತ್ತದೆ. ಹುಳಿ ಬಂದ ಸೈಲೇಜಿನಲ್ಲಿ (ಗಾಳಿಯಾಡದಂತೆ ಹುದುಗಿಸಿಟ್ಟ ಹಸಿ ಮೇವು) ಗಂಟೆಗಟ್ಟಲೆ ಬೆರೆಸಿಡುವುದೂ ಬೇಡ. ಕೆಲವು ಲೇಪನಗಳು ಹುಳಿಗೆ ಕರಗುವಂತೆಯೇ ಮಾಡಿದವು, ಹೊಟ್ಟೆಯೊಳಗೆ ಆಗಬೇಕಾದದ್ದು ಬಾನಿಯಲ್ಲೇ ಆಗಿಬಿಡುತ್ತದೆ.

ಮೂರು ಗ್ರಾಂ ಎಂಬುದು ಕಣ್ಣಳತೆಗೆ ಸಿಗದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 100 ಗ್ರಾಂ ಪುಡಿ ಮತ್ತು 900 ಗ್ರಾಂ ಗೋಧಿ ಬೂಸಾ ತೂಗಿ, ಒಣ ಡಬ್ಬಿಯಲ್ಲಿ ಕೈಯಿಂದ ಮೆಲ್ಲಗೆ ಬೆರೆಸಿ. ಈಗ ಈ ಮಿಶ್ರಣದ 30 ಗ್ರಾಂನಲ್ಲಿ 3 ಗ್ರಾಂ ಪುಡಿ ಇದೆ. ಒಂದು ಸ್ಟೀಲ್ ಬಟ್ಟಲಿಗೆ 30 ಗ್ರಾಂ ತುಂಬುವ ಮಟ್ಟಕ್ಕೆ ಮೊಳೆಯಿಂದ ಗೀರು ಎಳೆದಿಟ್ಟುಕೊಂಡರೆ ದಿನವೂ ತೂಗುವ ರಗಳೆಯಿಲ್ಲ. ಡಬ್ಬಿಯ ತಳಕ್ಕೆ ಹರಳು ಇಳಿಯುತ್ತದೆ, ಪ್ರತಿ ಸಲ ತಿರುವಿ ತೆಗೆಯಿರಿ. ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸಿ.

ಕೊಡುವ ಹೊತ್ತು ಸಂಜೆಯ ಕರಾವು. ಪ್ರತಿ ಆಡಿಗೂ ಅದರದೇ ಬಟ್ಟಲು. ಗುಂಪಿನ ಗೋದಲಿಗೆ ಹಾಕಿದರೆ ಜೋರಿನ ಆಡು ಮೂರು ಪಾಲು ತಿಂದು ಹಾಲು ಕೊಡುವ ಮೆತ್ತನೆಯದು ಬರೀ ಬಟ್ಟಲು ನೆಕ್ಕುತ್ತದೆ. ಇನ್ನೂ ಒಂದು ತಮಾಷೆ: ಆಡಿನ ತುಟಿ ಬೆರಳಿನಷ್ಟು ಚುರುಕು. ನುಚ್ಚನ್ನೆಲ್ಲ ಆರಿಸಿ ತಿಂದು, ಹರಳುಗಳನ್ನು ಬಟ್ಟಲ ತಳದಲ್ಲಿ ಸಾಲಾಗಿ ಬಿಟ್ಟು ನಿಮ್ಮ ಮುಖ ನೋಡುತ್ತದೆ. ಅದಕ್ಕೆ ಆ ಹೊತ್ತಿನ ದಾಣಿಯ ಮೇಲೆ ತಣ್ಣನೆಯ ತೆಳು ಬೆಲ್ಲದ ನೀರನ್ನು ಎರಡು ಚಮಚೆ ಚಿಮುಕಿಸಿ, ಮಿಶ್ರಣ ಹಾಕಿ, ತಕ್ಷಣ ತಿನ್ನಿಸಿ. ಮೊದಲ ಎರಡು ದಿನ ಮೂರನೆಯ ಒಂದು ಪಾಲು, ಆಮೇಲೆ ಎರಡು ದಿನ ಮೂರನೆಯ ಎರಡು ಪಾಲು, ಐದನೆಯ ದಿನದಿಂದ ಪೂರ್ತಿ.

ಪುಡಿ ಶುರುವಾದ ಮೇಲೆ ಶೇಂಗಾ ಹಿಂಡಿಯ ಆ ಹೆಚ್ಚುವರಿ ಹಿಡಿಯನ್ನು ನಿಲ್ಲಿಸಿ. ಇದನ್ನು ಮರೆತವರೇ ಹೆಚ್ಚು. ಹಿಂಡಿ ತಗ್ಗಿಸಿದ ಜಾಗಕ್ಕೆ ಅಷ್ಟೇ ಮೆಕ್ಕೆಜೋಳದ ನುಚ್ಚು ಬರಲಿ, ಸೂಕ್ಷ್ಮಜೀವಿಗಳಿಗೂ ಕೆಚ್ಚಲಿಗೂ ಆಗ ಕೊರತೆಯಿರುವುದು ಶಕ್ತಿ.

ಹೆಜ್ಜೆ 7: ಉಪಯೋಗವಾಯಿತೇ ಎಂದು ಅಳೆಯಿರಿ

ಒಂದೇ ಪ್ರಾಯದ, ಹತ್ತಿರಹತ್ತಿರ ಒಂದೇ ಕಾಲಕ್ಕೆ ಮರಿ ಹಾಕಿದ ಆಡುಗಳನ್ನು ಎರಡು ಗುಂಪು ಮಾಡಿ. ಒಂದಕ್ಕೆ ಪುಡಿ, ಇನ್ನೊಂದಕ್ಕೆ ಅದೇ ದಾಣಿ ಪುಡಿಯಿಲ್ಲದೆ. ಮೂರು ವಾರದ ನಂತರ ಅದಲುಬದಲು. ಹಾಲನ್ನು ಪಾತ್ರೆಯ ಗೆರೆ ನೋಡಿ ಅಂದಾಜಿಸದೆ ತೂಗಿ, ನೊರೆ ಮೋಸ ಮಾಡುತ್ತದೆ. ಹತ್ತಿರದಲ್ಲಿ ಹಾಲಿನ ಪರೀಕ್ಷಾ ಯಂತ್ರವಿದ್ದರೆ ವಾರಕ್ಕೊಮ್ಮೆ ಎರಡೂ ಗುಂಪಿನ ಹಾಲಿನ ಕೊಬ್ಬು, ಘನಾಂಶ ನೋಡಿಸಿ. ಲೀಟರ್ ಏರದೆ ಘನಾಂಶ ಮಾತ್ರ ಸುಧಾರಿಸುವುದು ಸಾಮಾನ್ಯ. ಹಾಲನ್ನು ಹಾಗೆಯೇ ಮಾರುವವರಿಗೆ ಅದರಿಂದ ಲಾಭವಿಲ್ಲ, ಪನೀರ್ ಮಾಡುವವರಿಗೆ ಇದೆ.

ಅದರ ಜೊತೆ ಮಧ್ಯಾಹ್ನದ ಉಸಿರಿನ ಎಣಿಕೆ, ಉಳಿದ ಮೇವಿನ ತೂಕ, ಹಿಕ್ಕೆಯ ಹದ ಒಂದು ಪುಸ್ತಕದಲ್ಲಿ ಬರೆದಿಡಿ. ಹಿಕ್ಕೆ ಮೆತ್ತಗಾದರೆ, ಮೇವು ಬಿಡುವುದು ಹೆಚ್ಚಾದರೆ ಪುಡಿ ಅರ್ಧಕ್ಕೆ ಇಳಿಸಿ. ಅಳೆದ ದಿನದ ಬಿಸಿಲನ್ನೂ ಬರೆಯಿರಿ. ನಡುವೆ ಒಂದು ಅಡ್ಡಮಳೆ ಸುರಿದು ತಂಪಾದರೆ ಹಾಲು ತಾನಾಗಿ ಏರುತ್ತದೆ, ಅದರ ಕೀರ್ತಿಯನ್ನು ಪೊಟ್ಟಣಕ್ಕೆ ಕಟ್ಟಿದವರಲ್ಲಿ ನಾನೂ ಒಬ್ಬ. ಅಂಕಿಗಳಿಂದ ಏನೂ ತಿಳಿಯದೆ ಹೋದರೆ ನಿಮ್ಮ ದಾಣಿಯ ಪಟ್ಟಿ ಹಿಡಿದು ಪಶು ಆಸ್ಪತ್ರೆಯ ವೈದ್ಯರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ. ಪ್ರಾಣಿಗಳ ಪೋಷಣೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿದೆ, ಪಶುವೈದ್ಯ ವಿಶ್ವವಿದ್ಯಾಲಯ ಬೀದರಿನಲ್ಲಿದೆ.

ಮೃಗಶಿರಾ ಮಳೆ ಹಿಡಿದು, ಆಡುಗಳು ಹಗಲಿನಲ್ಲೂ ಮೇವಿಗೆ ಬಾಯಿ ಹಾಕತೊಡಗಿದ ಮೇಲೆ ಪುಡಿಯನ್ನು ನಾಲ್ಕೈದು ದಿನಗಳಲ್ಲಿ ಇಳಿಸುತ್ತ ನಿಲ್ಲಿಸಿ. ಉಳಿದದ್ದನ್ನು ಪೊಟ್ಟಣದ ಬಾಯಿ ಬಿಗಿದು, ತಗಡಿನ ಮಾಡಿನ ಕೆಳಗಲ್ಲದೆ ಮನೆಯೊಳಗಿನ ತಂಪು ಮೂಲೆಯಲ್ಲಿ ಇಡಿ. ಮುಂದಿನ ಚೈತ್ರದಲ್ಲಿ ಬಳಸುವ ಮುಂಚೆ ಅವಧಿ ಮೀರಿಲ್ಲವೇ ಎಂದು ನೋಡಿ, ಒಂದು ಚಿಟಿಕೆಯನ್ನು ಮತ್ತೆ ತಣ್ಣೀರಿನ ಲೋಟಕ್ಕೆ ಹಾಕಿ.